ಒಬ್ಬರು ಕೂತರೂ ಬೀಳುವ ವಾಕ್ಯ

ಮಾರ್ಚ್ ೧೨

ಅಪ್ಪನವರಿಗೆ,

ಕ್ಷೇಮ ಸಮಾಚಾರ ಕೇಳುವ ಸಹನೆ ಇವತ್ತು ನನಗಿಲ್ಲ. ನೀವು ಚೆನ್ನಾಗಿಯೇ ಇದ್ದೀರಿ, ನಿನ್ನೆ ಮಹಾಸಭೆಯಲ್ಲಿ ಕಣ್ಣಾರೆ ಕಂಡೆ. ಮೈಕು ಕೈಕೊಟ್ಟರೂ ನಿಮ್ಮ ದನಿ ಹಿಂದಿನ ಬಾಗಿಲಿನ ತನಕ ಖಣಖಣ ಕೇಳುತ್ತಿತ್ತು.

ನಾನು ಸಂದರ್ಶಕರ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದೆ. "ನಿಮ್ಮಪ್ಪ ಮಾತಾಡೋದನ್ನ ಒಂದ್ಸಲನಾದ್ರೂ ಕೇಳ್ಬೇಕು ಕಣೆ" ಎಂದು ಅವರೇ ಹಟ ಹಿಡಿದು, ಪೆಟ್ಟಿಗೆಯ ತಳದಿಂದ ಒಳ್ಳೆಯ ಶಾಲು ತೆಗೆದು ಹೊದ್ದು ಬಂದಿದ್ದರು. ನಮ್ಮ ಪಂಗಡದ ವಿಶ್ವಾಸ ಪ್ರಮಾಣಕ್ಕೆ ನೀವು ಸೇರಿಸಬೇಕೆನ್ನುವ ವಾಕ್ಯವನ್ನು ಓದಲಾಯಿತು. 'ಮಗನು ತಂದೆಯಿಂದ ಅನಾದಿಯಾಗಿ ಜನಿಸಿದವನು. ಮಗನಿಲ್ಲದೆ ತಂದೆ ಇದ್ದ ಕಾಲವಿಲ್ಲ.' ಕಾರ್ಯದರ್ಶಿ ಎದ್ದು, "ಹುಟ್ಟು ಅಂದ್ರೆ ಆರಂಭ. ಆರಂಭ ಇರೋನು ದೇವರು ಹೇಗಾಗ್ತಾನೆ? ಮಗ ಅನ್ನೋದು ಆತ ಭೂಮಿಗೆ ಬಂದಾಗ ಪಡೆದ ಹೆಸರು, ಅಷ್ಟೆ" ಎಂದರು. ಆಗ ನೀವು ಎದ್ದಿರಿ. ನೀವು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಮರೆತಿದ್ದರೆ ಓದಿಕೊಳ್ಳಿ.

"ನನ್ನ ಮನೆಯಲ್ಲೇ ಒಬ್ಬಳು ಮಗಳಿದ್ದಾಳೆ. ಎರಡೂವರೆ ವರ್ಷದ ಕೂಸನ್ನ ಒಂದು ಸೋಮವಾರ ಅನಾಥಾಲಯದಿಂದ ತಂದ್ವಿ. ಆ ಸೋಮವಾರ ನಾನು ತಂದೆಯಾದೆ, ಭಾನುವಾರ ಆಗಿರ್ಲಿಲ್ಲ. ಅವಳು ಮಗಳಾಗಿರೋದು ಕೊಟ್ಟ ಸ್ಥಾನದಿಂದ, ಸ್ವಭಾವದಿಂದ ಅಲ್ಲ. ದೇವರ ಮಗನೂ ಹಾಗೇನಾ? ಆತನೂ ತಂದು ಸಾಕಿದವನೇನಾ?"

ಸಭಾಂಗಣದಲ್ಲಿ ಚಪ್ಪಾಳೆ. ಇಡೀ ಸಭೆ ಎದ್ದು ನಿಂತಿತು, ಕಾರ್ಯದರ್ಶಿ ಕೂಡ. ಅತ್ತೆ ನನ್ನ ಕಡೆ ತಿರುಗಿ, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಎರಡು ಸಾಲಿಗೆ ಕೇಳುವಂತೆ, "ಅಲ್ವೇ, ನಿಂಗೆ ಅಕ್ಕತಂಗೀರು ಯಾರೂ ಇಲ್ವಲ್ಲ?" ಎಂದರು. ಇಲ್ಲ ಎಂದೆ. "ಮತ್ತೆ ಇವರು ಹೇಳಿದ್ದು ಯಾರ ವಿಷಯ?"

ಹದಿನಾರು ವರ್ಷದಿಂದ ಆ ಮನೆಯ ಸೊಸೆ ನಾನು. ಇವರಿಗೊಬ್ಬರಿಗೆ ಹೇಳಿದ್ದೆ, ಮದುವೆಗೆ ಮುಂಚೆ. ಇನ್ನು ಯಾರಿಗೂ ಹೇಳಿರಲಿಲ್ಲ, ನಾಚಿಕೆಯಿಂದಲ್ಲ, ಅದು ನನ್ನದು ಅಂತ. ಅಮ್ಮ ನಿಮಗೆ ಎಷ್ಟು ಸಲ ಹೇಳಿದ್ದರು? "ಹೇಳೋದಾದ್ರೆ ಅವಳೇ ಹೇಳ್ಲಿ, ಇಲ್ದಿದ್ರೆ ಬಿಡ್ಲಿ. ನೀವು ಮಾತ್ರ ಪೀಠ ಹತ್ತಿ ಬಾಯಿ ಬಿಡ್ಬೇಡಿ." ನಿಮ್ಮ ಬಾಯಿ ಎಂಥದ್ದು ಅಂತ ಅಮ್ಮನಿಗೆ ಗೊತ್ತಿತ್ತು. ಅವರು ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ.

ಜೂನಿನಲ್ಲಿ ಎರಡನೆಯ ಬೈಠಕ್ಕು ಇದೆಯಲ್ಲ, ಅಲ್ಲಿ ಎದ್ದು ನಿಂತು ಆ ಉದಾಹರಣೆಯನ್ನು ವಾಪಸ್ ತೆಗೆದುಕೊಳ್ಳಿ. ಬೇರೇನೂ ಬೇಡ.

ನೀವು ತಂದು ಸಾಕಿದವಳು

*

ಮಾರ್ಚ್ ೧೯

ಮಗಳಿಗೆ,

ನಿನ್ನ ಪತ್ರ ತಲುಪಿತು. ಹಿರಿಯರಿಗೆ ಬರೆಯುವ ರೀತಿ ಅದಲ್ಲ. ಬೇರೆ ಯಾರೇ ಬರೆದಿದ್ದರೂ ಉತ್ತರಿಸುತ್ತಿರಲಿಲ್ಲ.

ನಾನು ನಿನ್ನ ಹೆಸರು ಹೇಳಲಿಲ್ಲ. ನಿನ್ನನ್ನು ಹೀಗಳೆಯಲೂ ಇಲ್ಲ. ನಾವೆಲ್ಲರೂ ದೇವರಿಗೆ ದತ್ತುಮಕ್ಕಳೇ, ನಾನೂ ಸಹ. ಸ್ವಭಾವದಿಂದ ಮಗನಾದವನು ಒಬ್ಬನೇ. ಆ ವ್ಯತ್ಯಾಸ ಹೇಳದಿದ್ದರೆ ನಮ್ಮ ನಂಬಿಕೆಯಲ್ಲಿ ಏನು ಉಳಿಯಿತು? ಕಾರ್ಯದರ್ಶಿ ಬುದ್ಧಿವಂತ, ಒಪ್ಪುತ್ತೇನೆ. ಆದರೆ ಆತನ ಮಾತನ್ನು ಕೊನೆಯ ತನಕ ಎಳೆದು ನೋಡು. ಮಗ ಎಂಬುದು ನಡುವೆ ಬಂದ ಹೆಸರಾದರೆ ತಂದೆ ಎಂಬುದೂ ನಡುವೆ ಬಂದದ್ದೇ. ಬೇಕಾದಾಗ ತೊಟ್ಟು ಬೇಡವಾದಾಗ ಕಳಚಿಡುವ ಕೋಟು. ಹಾಗಾದರೆ ಆ ಕೋಟಿನೊಳಗೆ ಇರುವವನು ಯಾರು? ನಿನ್ನ ಅಮ್ಮ ಕೊನೆಯ ರಾತ್ರಿ "ತಂದೆಯೇ" ಎಂದು ಕರೆದದ್ದು ಯಾರನ್ನು? ಅದು ನನಗೆ ಗೊತ್ತಾಗಬೇಕು. ಅದಕ್ಕಾಗಿಯೇ ಈ ವಯಸ್ಸಿನಲ್ಲಿ ಬಸ್ಸು ಹತ್ತಿ ಇಳಿದು ಹೋರಾಡುತ್ತಿದ್ದೇನೆ.

ನಮ್ಮ ಪಂಗಡದ ನಿಯಮ ನಿನಗೆ ತಿಳಿಯದ್ದಲ್ಲ. ಮೂರು ಬೈಠಕ್ಕಿನಲ್ಲಿಯೂ ಪ್ರತಿನಿಧಿಗಳೆಲ್ಲ ಎದ್ದು ನಿಲ್ಲಬೇಕು. ಒಬ್ಬರು ಕೂತರೂ ವಾಕ್ಯ ಬಿತ್ತು. ಕೂತವರ ಕಾರಣ ಕೇಳುವಂತಿಲ್ಲ, ಬಿದ್ದ ವಾಕ್ಯವನ್ನು ಏಳು ವರ್ಷ ಯಾರೂ ಎತ್ತುವಂತಿಲ್ಲ. ಕಾರ್ಯದರ್ಶಿ ಕೂರಲೆಂದೇ ಬಂದಿದ್ದ. ಆ ಉದಾಹರಣೆ ಕೇಳಿ ಎದ್ದ. ಅದನ್ನೀಗ ವಾಪಸ್ ಪಡೆದರೆ ಜೂನಿನಲ್ಲಿ ಆತ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ನಿನ್ನ ಅತ್ತೆಯ ಮುಜುಗರಕ್ಕಾಗಿ ನಾನು ದೇವರ ಮಗನನ್ನು ಬಿಟ್ಟುಕೊಡಲೇ?

ಮನಸ್ಸು ತಣ್ಣಗಾದ ಮೇಲೆ ಬರೆ.

ನಿನ್ನ ತಂದೆ

*

ಏಪ್ರಿಲ್ ೨

ಅಪ್ಪನವರಿಗೆ,

ಹೆಸರು ಹೇಳಲಿಲ್ಲವಂತೆ! ನಿಮಗೆ ಎಷ್ಟು ಜನ ಹೆಣ್ಣುಮಕ್ಕಳು? ಆನೆ ಹೋಗುತ್ತಿದ್ದರೆ ಬಾಲ ಮಾತ್ರ ಮುಚ್ಚಿದ ಹಾಗಾಯಿತು.

ಮೊನ್ನೆ ನಮ್ಮ ಕನ್ನಡಕದ ಅಂಗಡಿಯಲ್ಲಿ ಮಸೂರ ಉಜ್ಜುತ್ತಾ ಕೂತಿದ್ದೆ. ದಪ್ಪ ಗಾಜು, ಕೈ ತೆಗೆಯುವ ಹಾಗಿರಲಿಲ್ಲ. ಕನ್ನಡಕ ಕೊಂಡೊಯ್ಯಲು ಬಂದ ಹೆಂಗಸು ಗಲ್ಲಾದ ಮೇಲೆ ಮೊಣಕೈ ಊರಿ ನನ್ನನ್ನೇ ನೋಡಿದಳು. "ನೀವೇ ಅಲ್ವಾ ಆ ಉದಾಹರಣೆ? ನಮ್ಮ ಸಭೆಯಲ್ಲೂ ಹೇಳಿದ್ರು. ಎಷ್ಟು ಚೆನ್ನಾಗಿ ಅರ್ಥ ಆಯ್ತು ಅಂತೀನಿ!" ಮೈಯೆಲ್ಲ ಉರಿದುಹೋಯಿತು. ಗಾಜಿನ ಅಂಚು ಒಡೆಯಿತು, ಇನ್ನೊಂದು ಮಾಡಬೇಕಾಯಿತು.

ಮನೆಯಲ್ಲಿ ಅತ್ತೆ ಬೈಯುತ್ತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನೆ ಒಗೆದ ಬಟ್ಟೆ ಮಡಿಸುತ್ತಾ, "ನಿನ್ನ ಮೊಂಡು ಮೂಗು ಯಾರದ್ದು ಅಂತ ಯೋಚ್ನೆ ಮಾಡ್ತಿದ್ದೆ, ನಿಮ್ಮಪ್ಪಂದೂ ಅಲ್ಲ, ಅಮ್ಮಂದೂ ಅಲ್ಲ" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ. ಇನ್ನು ಮುಂದೆ ನನ್ನ ಮೂಗಿನ ಬಗ್ಗೆ ಯಾರು ಬೇಕಾದರೂ ಯೋಚಿಸಬಹುದು. ಆ ಬಾಗಿಲು ತೆಗೆದುಕೊಟ್ಟವರು ನೀವು.

ಈಗ ನನ್ನ ಸುದ್ದಿ. ನಮ್ಮ ಸಭೆಯ ಪ್ರತಿನಿಧಿಯಾಗಿದ್ದ ಮೇಷ್ಟ್ರಿಗೆ ವರ್ಗವಾಗಿದೆ. ಜೂನ್ ಮುಗಿಸಿ ಹೋಗುತ್ತಾರೆ. ಅವರ ಜಾಗಕ್ಕೆ ನನ್ನನ್ನು ಆರಿಸಿದ್ದಾರೆ. ಆಗಸ್ಟಿನ ಮೂರನೆಯ ಬೈಠಕ್ಕಿಗೆ ನಾನು ಬರುತ್ತೇನೆ, ಪ್ರತಿನಿಧಿಗಳ ಸಾಲಿನಲ್ಲಿ ಕುರ್ಚಿ ಹಾಕಿರುತ್ತಾರೆ. ಉದಾಹರಣೆ ಹೋಗದಿದ್ದರೆ ನಾನು ಆ ಕುರ್ಚಿಯಿಂದ ಏಳುವುದಿಲ್ಲ. ಕಾರಣ ಕೇಳುವಂತಿಲ್ಲ, ನೀವೇ ಬರೆದಿದ್ದೀರಿ.

ಉದಾಹರಣೆ

*

ಏಪ್ರಿಲ್ ೮

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ನೀನೇ ಬರೆದದ್ದೇ ಎಂದು ನೋಡಲಿಕ್ಕೆ.

ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ನನ್ನನ್ನು ಬೈ. ಮನೆಗೆ ಬಂದು ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಬೀದಿಗೆ ಎಸೆ. ಪಂಗಡದ ನಂಬಿಕೆಯನ್ನು ಒತ್ತೆ ಇಟ್ಟುಕೊಂಡು ಚೌಕಾಸಿ ಮಾಡುತ್ತೀಯಾ? ಸತ್ಯವೆಂದು ಗೊತ್ತಿದ್ದೂ ಕೂರುತ್ತೀಯಾ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರನ್ನು ಈಗ ನೋಡುತ್ತಿದ್ದೇನೆ.

ಈ ಹಟ ನಿನಗೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತಂದೆ

*

ಜೂನ್ ೨೫

ಅಪ್ಪನವರಿಗೆ,

ನಿಮ್ಮ ಆ ಕೊನೆಯ ಎರಡು ಸಾಲಿಗೆ ಉತ್ತರ ಬರೆದೆ. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಇವರು ಕಸದ ಬುಟ್ಟಿ ನೋಡಿ, "ಅಂಚೆ ಚೀಟಿ ಖರ್ಚಾದ್ರೂ ಉಳೀತಿದೆ ಬಿಡು" ಎಂದರು. ನಗು ಬರಲಿಲ್ಲ.

ಎರಡನೆಯ ಬೈಠಕ್ಕು ಮುಗಿಯಿತಂತೆ. ಎಲ್ಲರೂ ಎದ್ದರಂತೆ. ಅಷ್ಟೇ ಅಲ್ಲದೆ ವಾಕ್ಯದ ಕೆಳಗೆ ಆ ಉದಾಹರಣೆಯನ್ನೇ ವಿವರಣೆಯ ಟಿಪ್ಪಣಿಯಾಗಿ ಸೇರಿಸಿ ಒಪ್ಪಿದರಂತೆ. 'ಒಬ್ಬ ಸಭಾಪಾಲಕರು ಒಂದು ಸೋಮವಾರ ಅನಾಥ ಕೂಸನ್ನು ಮನೆಗೆ ತಂದರು' ಅಂತ ಶುರುವಾಗುತ್ತದಂತೆ. ಮೇಷ್ಟ್ರು ತುಂಬ ಸಂಕೋಚಪಟ್ಟುಕೊಂಡು ಹೇಳಿದರು. ಇನ್ನು ದೀಕ್ಷಾಸ್ನಾನಕ್ಕೆ ತಯಾರಾಗುವ ಪ್ರತಿಯೊಂದು ಮಗುವೂ ಅದನ್ನು ಬಾಯಿಪಾಠ ಮಾಡುತ್ತದೆ. ನನ್ನ ಮಕ್ಕಳೂ ಮಾಡುತ್ತಾರೆ. ನೀವು ಸತ್ತ ಮೇಲೂ, ನಾನು ಸತ್ತ ಮೇಲೂ ನಾನು ಸ್ವಭಾವದಿಂದ ಮಗಳಲ್ಲ ಅಂತ ಯಾರೋ ಒಬ್ಬರು ಗಟ್ಟಿಯಾಗಿ ಓದುತ್ತಲೇ ಇರುತ್ತಾರೆ. ನಿಮಗೆ ನಿದ್ದೆ ಹೇಗೆ ಬರುತ್ತದೆ ಅಪ್ಪ?

ಒಂದು ಮಾತು ಹೇಳುತ್ತೇನೆ. ಸಿಟ್ಟಿನಲ್ಲೇ ಹೇಳುತ್ತೇನೆ, ತಣ್ಣಗಾಗುವ ತನಕ ಕಾದರೆ ಹೇಳುವುದೇ ಇಲ್ಲ. ನಾನು ಆ ವಾಕ್ಯವನ್ನು ನಂಬುತ್ತೇನೆ. ಎಂಟೋ ಒಂಬತ್ತೋ ವರ್ಷದವಳಿದ್ದಾಗ ಧರ್ಮಪಾಠದ ಪ್ರಶ್ನೋತ್ತರ ಒಪ್ಪಿಸುತ್ತಾ, "ಅಪ್ಪಾ, ದೇವರು ತಂದೆ ಆಗಿದ್ದು ಯಾವತ್ತು?" ಅಂತ ಕೇಳಿದ್ದೆ. ನೀವು ಖುಷಿಯಲ್ಲಿ ಮೇಜು ಗುದ್ದಿ, "ಆಗಿದ್ದೇ ಇಲ್ಲ! ಯಾವಾಗ್ಲೂ ಆಗೇ ಇದ್ದ!" ಎಂದು ಕೂಗಿದಿರಿ. ಅಮ್ಮ ಒಳಗಿನಿಂದ ಏನು ಬಿತ್ತು ಅಂತ ಓಡಿ ಬಂದರು. ಅವತ್ತು ರಾತ್ರಿ ಹಾಸಿಗೆಯಲ್ಲಿ ಮಲಗಿ ನಾನು ಅಂದುಕೊಂಡಿದ್ದೆ, ಹಾಗಾದರೆ ಅಪ್ಪ ಅನ್ನುವವರು ಎಲ್ಲಾದರೂ ಒಂದು ಕಡೆ ಯಾವಾಗಲೂ ಇರುತ್ತಾರೆ ಅಂತ. ಎಲ್ಲಿಂದಲೋ ಬಂದ ಮಗುವಿಗೆ ಅದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಗೊತ್ತಿಲ್ಲ. ನನಗೆ ಅದನ್ನು ಕೊಟ್ಟವರೇ ನೀವು. ಈಗ ಅದೇ ಮಾತನ್ನು ಗೆಲ್ಲಿಸಲಿಕ್ಕೆ ನನ್ನನ್ನು ಮೆಟ್ಟಿಲು ಮಾಡಿಕೊಂಡಿರಿ.

ದತ್ತು ಅಂದರೆ ಕಡಿಮೆ ದರ್ಜೆ ಅಂತ ನೀವು ಹೇಳಲಿಲ್ಲ, ಒಪ್ಪಿದೆ. ಆದರೆ ದತ್ತಿನ ವಿಷಯ ಬೈಬಲಿನಲ್ಲಿ ಅಪೊಸ್ತಲ ಬರೆದದ್ದನ್ನು ನೀವೇ ನನಗೆ ಓದಿಸಿದ್ದು. ಲೋಕಕ್ಕೆ ಅಸ್ತಿವಾರ ಬೀಳುವ ಮುಂಚೆಯೇ ದೇವರು ನಮ್ಮನ್ನು ಮಕ್ಕಳಾಗಲಿ ಅಂತ ಆರಿಸಿದನಂತೆ. ನಿಮ್ಮ ದೇವರು ದತ್ತು ತೆಗೆದುಕೊಂಡಾಗ ಸೋಮವಾರ ಎನ್ನುವುದೇ ಹುಟ್ಟಿರಲಿಲ್ಲ! ನೀವು ಮಾತ್ರ ವಾರ ಸಮೇತ ನೆನಪಿಟ್ಟುಕೊಂಡು ಮೈಕಿನಲ್ಲಿ ಹೇಳುತ್ತೀರಿ.

ಆ ಹಟದ ಸಾಲಿನ ವಿಷಯ. ನಾನು ಈ ಹಟ ಕಲಿತದ್ದು ನಿಮ್ಮ ಮೇಜಿನ ಎದುರು ಕೂತು. ಬೇರೆ ಎಲ್ಲಿ ಕಲಿಯಲಿ?

ಆಗಸ್ಟಿನಲ್ಲಿ ಕೂರುತ್ತೇನೆ.

ಮಗಳು

*

ಜುಲೈ ೧೮

ಮಗಳೇ,

ಉತ್ತರಿಸಲು ತಡವಾಯಿತು. ಕಣ್ಣಿನ ತೊಂದರೆ ಎಂದು ಬರೆಯಬಹುದಿತ್ತು. ಆದರೆ ಕನ್ನಡಕ ಮಾಡಿಕೊಟ್ಟವಳು ನೀನೇ, ಸುಳ್ಳು ನಡೆಯುವುದಿಲ್ಲ.

ಹಟದ ಬಗ್ಗೆ ಬರೆದ ಸಾಲನ್ನು ಹರಿದು ಹಾಕು. ಬರೆಯುವಾಗಲೇ ಅದು ಕೊಳಕು ಮಾತು ಎಂದು ಗೊತ್ತಿತ್ತು. ಗೊತ್ತಿದ್ದೂ ಲಕೋಟೆಗೆ ಅಂಟು ಹಚ್ಚಿದೆ. ಅಂಚೆ ಡಬ್ಬದೊಳಗೆ ಬಿದ್ದ ಮೇಲೆ ಅದರ ಬಾಯಿಗೆ ಕೈ ಹಾಕಿ ನೋಡಿದೆ, ಸಿಗಲಿಲ್ಲ. ದಾರಿಹೋಕರೊಬ್ಬರು "ಏನ್ ಕಳ್ಕೊಂಡ್ರಿ ತಾತಾ?" ಎಂದು ಕೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಪ್ರಸಂಗ ಮಾಡಿದ್ದೇನೋ!

ಕಳೆದ ವಾರ ಸಮಿತಿಯ ಕೋಣೆಗೆ ಹೋಗಿದ್ದೆ. ಟಿಪ್ಪಣಿಯನ್ನು ತೆಗೆಯಿರಿ ಎಂದು ಕೇಳಿದೆ. ಕಾರ್ಯದರ್ಶಿ ಪೆನ್ನಿನ ಟೋಪಿ ಹಾಕುತ್ತಾ, "ಟಿಪ್ಪಣಿ ಇದ್ರೆ ವಾಕ್ಯ ನಂಗೆ ಅರ್ಥ ಆಗುತ್ತೆ ಗುರುಗಳೇ, ನಿಲ್ತೀನಿ. ಟಿಪ್ಪಣಿ ಹೋದ್ರೆ ಕೂರ್ತೀನಿ" ಎಂದ. ಮಿಕ್ಕವರು ಅದು ಈಗ ನಿಮ್ಮದಲ್ಲ, ಮಹಾಸಭೆಯ ಸ್ವತ್ತು ಎಂದರು. ನನಗೆ ರೇಗಿತು. "ನನ್ನ ಮಗಳು ಮಹಾಸಭೆಯ ಸ್ವತ್ತು ಆಗಿದ್ದು ಯಾವಾಗ್ರೀ?" ಎಂದು ಕೂಗಿ ಮೇಜು ಗುದ್ದಿದೆ. ನೀರಿನ ಲೋಟ ಉರುಳಿ ನಡಾವಳಿಯೆಲ್ಲ ಒದ್ದೆಯಾಯಿತು. ಒಬ್ಬ ಹುಡುಗಪಾದ್ರಿ ಬಟ್ಟೆಯಿಂದ ಒರೆಸುತ್ತಾ, ಮೆಲ್ಲಗೆ, "ನೀವೇ ಕೊಟ್ಟಿದ್ದಲ್ವಾ ಗುರುಗಳೇ" ಎಂದ. ಅವನಿಗೆ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಅವನು ಹೇಳಿದ್ದು ಸರಿಯಾಗಿತ್ತು.

ಅಸ್ತಿವಾರದ ಮಾತು ಬರೆದಿದ್ದೀಯಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ಮೂರು ವಾರ ಕಳೆದೆ. ನನ್ನ ಪುಸ್ತಕಗಳಲ್ಲಿ ಇರಬಹುದು, ನನ್ನ ಬಾಯಲ್ಲಿ ಇಲ್ಲ. ಕ್ಷಮಿಸು ಎಂಬ ಪದವನ್ನು ಊರಿಗೆಲ್ಲ ಬೋಧಿಸಿದ್ದೇನೆ, ಬರೆಯಲು ಕೂತು ಮೂರು ಅಕ್ಷರಕ್ಕೆ ಐದು ಹಾಳೆ ಹರಿದೆ. ಕ್ಷಮಿಸು.

ನೀನು ಕೂರುವುದಾದರೆ ಕೂರು. ನಾನು ತಡೆಯುವುದಿಲ್ಲ, ಆಮೇಲೆ ಬೈಯುವುದೂ ಇಲ್ಲ. ಆದರೆ ನನಗೆ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದು ಕೇಳಬೇಡ.

ಅಪ್ಪ

*

ಆಗಸ್ಟ್ ೩೧

ಅಪ್ಪಾ,

ತಲೆ ನೆಟ್ಟಗಿದೆಯಾ ನಿಮಗೆ?

ನಾನು ಕೂರಬೇಕು ಅಂತಲೇ ಬಂದಿದ್ದೆ. ಬಸ್ಸಿನಲ್ಲಿ ಉದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ. ಕುರ್ಚಿಯ ಅಂಚು ಎರಡೂ ಕೈಯಲ್ಲಿ ಹಿಡಿದಿದ್ದೆ. ಅಧ್ಯಕ್ಷರು ವಾಕ್ಯ ಓದಿದರು, 'ಮಗನಿಲ್ಲದೆ ತಂದೆ ಇದ್ದ ಕಾಲವಿಲ್ಲ.' ಓದಿ ಮುಗಿಯುವ ಮೊದಲೇ ನಾನು ಎದ್ದಿದ್ದೆ. ನಿಮ್ಮನ್ನು ಕ್ಷಮಿಸಿ ಎದ್ದೆ ಅಂದುಕೊಳ್ಳಬೇಡಿ. ಅದು ನಿಜವಾದ ಮಾತು, ನಿಜವಾದ ಮಾತು ಕೇಳಿ ಕೂತಿರಲು ನೀವು ನನಗೆ ಕಲಿಸಿರಲಿಲ್ಲ. ಟಿಪ್ಪಣಿ ಹಾಳಾಗಿ ಹೋಗಲಿ, ಮಕ್ಕಳಿಗೆ ನಾನೇ ಸರಿಯಾಗಿ ಹೇಳಿಕೊಡುತ್ತೇನೆ ಅಂದುಕೊಂಡೆ.

ಆಮೇಲೆ ನೋಡಿದರೆ ಎಲ್ಲರ ಕತ್ತೂ ಮುಂದಿನ ಸಾಲಿನ ಕಡೆಗೆ. ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ನೆಲ ನೋಡುತ್ತಾ, ನೀವು! ಅಧ್ಯಕ್ಷರು ಪಾಪ, ಬಗ್ಗಿ ಕೇಳಿದರು. "ಮಂಡಿ ನೋವಾ ಗುರುಗಳೇ? ಕೈ ಎತ್ತಿದ್ರೂ ಸಾಕು, ನಿಂತ ಹಾಗೇನೆ."

"ಮಂಡಿಗೇನೂ ಆಗಿಲ್ಲ. ನಾನು ಕೂತಿದ್ದೀನಿ" ಎಂದಿರಿ. ಮೈಕು ಈ ಸಲ ಸರಿಯಾಗಿತ್ತು.

ಎಂಥ ಗದ್ದಲ! ಕಾರ್ಯದರ್ಶಿ ಕಾಗದವೆಲ್ಲ ಎಸೆದು, "ಇಷ್ಟು ವರ್ಷ ನಮ್ಮ ಪ್ರಾಣ ತಿಂದು ಈಗ ನೀನೇ ಕೂತ್ಯೇನಯ್ಯಾ ಮುದುಕಾ?" ಎಂದು ಕಿರುಚಿದರು. ಹಿಂದಿನಿಂದ ನಮ್ಮತ್ತೆ ಬಂದರು. ನಾನು ಬೇಡ ಎಂದರೂ ಜೊತೆಗೆ ಹೊರಟುಬಂದಿದ್ದರಲ್ಲ, ಸಂದರ್ಶಕರ ಸಾಲಿನ ಹಗ್ಗ ಎತ್ತಿಕೊಂಡು, ಶಾಲು ಜಾರಿದರೂ ಲಕ್ಷ್ಯವಿಲ್ಲದೆ ನಡುಹಾದಿಗೆ ಬಂದು ನಿಂತರು. "ಯಾರ್ರೀ ಅದು, ನಮ್ಮ ಬೀಗರನ್ನ ಏಕವಚನದಲ್ಲಿ ಮಾತಾಡ್ಸೋದು? ನನ್ನ ಸೊಸೆಯ ತಂದೆ ಅವರು! ನಾಲ್ಗೆ ಬಿಗಿ ಹಿಡಿದು ಮಾತಾಡಿ!" ಕಾರ್ಯದರ್ಶಿ ಕೂತುಬಿಟ್ಟರು. ಆ ಹೊತ್ತಿಗೆ ಯಾರು ಕೂತರೂ ಒಂದೇ ಆಗಿತ್ತು.

ನೀವು ಯಾರಿಗೂ ಕಾಯದೆ ಪಕ್ಕದ ಬಾಗಿಲಿನಿಂದ ಹೊರಟುಹೋದಿರಿ. ನಾನು ಓಡಿ ಬರುವಷ್ಟರಲ್ಲಿ ನಿಮ್ಮ ಬಸ್ಸು ಹೊರಟಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅತ್ತದ್ದು ಸಾಕಾದ ಮೇಲೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಟಿಪ್ಪಣಿಯೂ ಹೋಯಿತು ನಿಜ, ಆದರೆ ನಿಮ್ಮ ಜೀವಮಾನದ ವಾಕ್ಯವೂ ಹೋಯಿತಲ್ಲ ಅಪ್ಪ! ನಿಮ್ಮನ್ನು ಯಾರು ಕೇಳಿದ್ದರು ಹೀಗೆ ಮಾಡಿ ಅಂತ? ನಾನು ಕೇಳಿದ್ದೆ, ಗೊತ್ತು. ಕೇಳಿದ್ದೆಲ್ಲ ಕೊಡಬೇಕಾ? ನನ್ನ ಪರವಾಗಿ ಎದ್ದು ನಿಂತವರು ಎಷ್ಟೋ ಜನ ಇದ್ದಾರೆ. ಹೀಗೆ ಕೂತವರು ಯಾರೂ ಇರಲಿಲ್ಲ.

ಶನಿವಾರ ಅಂಗಡಿ ಮುಚ್ಚಿ ಬರುತ್ತೇನೆ. ಜಗಳವಾಡಲಿಕ್ಕೆ ಬರುತ್ತಿದ್ದೇನೆ, ತಯಾರಾಗಿರಿ. ಅತ್ತೆಯೂ ಬರುತ್ತಾರಂತೆ, ಅವರಿಗೂ ನಿಮ್ಮನ್ನು ಬೈಯುವುದು ಬಾಕಿ ಇದೆ.

ಬಿದ್ದ ವಾಕ್ಯವನ್ನು ಏಳು ವರ್ಷ ಎತ್ತುವಂತಿಲ್ಲ. ಆಗ ನಿಮಗೆ ಎಂಬತ್ತಮೂರು. "ನನ್ನ ಕಾಲ ಮುಗೀತು" ಅಂತ ರಾಗ ಎಳೆದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ, ಮೊದಲೇ ಹೇಳಿದ್ದೇನೆ. ರಾತ್ರಿ ಹೊತ್ತು ಓದಬೇಡಿ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಿರಿ, ಮಾತ್ರೆ ಮರೆಯಬೇಡಿ. ಏಳು ವರ್ಷ ನೀವು ಬದುಕಿರಲೇಬೇಕು. ಅವತ್ತು ವಾಕ್ಯ ಓದುವಾಗ ನಿಮ್ಮ ಮಂಡಿ ನಿಜವಾಗಿಯೂ ಏಳದಿದ್ದರೆ, ತೋಳು ಹಿಡಿದು ಎಬ್ಬಿಸಲು ನಾನು ಪಕ್ಕದಲ್ಲೇ ಇರುತ್ತೇನೆ.

ನಿಮ್ಮ ಮಗಳು